‘ನೇರಳೆ ದೀಪ’, ‘ಅತಿನೇರಳೆ ದೀಪ’: ಮನೆಯೊಳಗಿನ ಗಿಡಗಳ ದೀಪಕ್ಕೆ ಯಾವ ಪದ?

ಮಾನ್ಯರೇ,

ದಾವಣಗೆರೆಯಲ್ಲಿ ಮನೆಯೊಳಗೆ ಕುಂಡಗಳಲ್ಲಿ ಗಿಡ ಬೆಳೆಸುವವರಿಗಾಗಿ ಕೃತಕ ಬೆಳಕಿನ ಬಗ್ಗೆ ಒಂದು ಕರಪತ್ರವನ್ನು ಬರೆಯುತ್ತಿದ್ದೇನೆ. ಇಲ್ಲಿಯ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ‘ಗ್ರೋ ಲೈಟ್’ ಕೇಳಿದರೆ ಹೆಚ್ಚಾಗಿ ತೋರಿಸುವುದು ಕೆಂಪು, ನೀಲಿ ಎಲ್‌ಇಡಿಗಳನ್ನು ಬೆರೆಸಿದ, ಕಣ್ಣಿಗೆ ನೇರಳೆಯಾಗಿ ಕಾಣುವ ದೀಪವನ್ನು. ಕೊಳ್ಳುವವರು ಅದನ್ನು ‘ನೇರಳೆ ದೀಪ’ ಎನ್ನುತ್ತಾರೆ, ಕೆಲವರು ‘ಯುವಿ ಲೈಟ್’ ಎಂದೂ ಕರೆಯುತ್ತಾರೆ.

ತೊಡಕು ಇರುವುದು ಇಲ್ಲಿಯೇ. ಯುವಿ ಎಂದರೆ ಅಲ್ಟ್ರಾವಯೊಲೆಟ್, ನೇರಳೆಯ ಆಚೆಗಿನ, ಕಣ್ಣಿಗೆ ಕಾಣದ ಕಿರಣ. ರೋಗಾಣುಗಳನ್ನು ಕೊಲ್ಲಲು ಬಳಸುವ, 254 ನ್ಯಾನೋಮೀಟರ್ ತರಂಗಾಂತರದ ಯುವಿ-ಸಿ ದೀಪ ಬೇರೆಯೇ ಆಗಿದ್ದು, ಅದು ಕಣ್ಣಿಗೆ, ಚರ್ಮಕ್ಕೆ ಹಾನಿ ಮಾಡುತ್ತದೆ; ಎಲೆಗಳಿಗೂ ಒಳ್ಳೆಯದಲ್ಲ. ಗಿಡಗಳು ದ್ಯುತಿಸಂಶ್ಲೇಷಣೆಗೆ ಬಳಸುವುದು ಮುಖ್ಯವಾಗಿ 400ರಿಂದ 700 ನ್ಯಾನೋಮೀಟರ್‌ವರೆಗಿನ, ನಮಗೂ ಕಾಣುವ ಬೆಳಕನ್ನು. ಹೀಗಿರುವಾಗ ಯುವಿಗೆ ‘ಅತಿನೇರಳೆ’ ಎಂಬ ಪದವನ್ನು ಎಚ್ಚರಿಕೆಯ ಸಾಲಿನಲ್ಲಿ ಬರೆದರೆ, ವಿಜ್ಞಾನ ಓದದ ಗೃಹಿಣಿಯೊಬ್ಬರು ಅದನ್ನು ‘ಇನ್ನೂ ಗಾಢವಾದ ನೇರಳೆ’ ಎಂದು ಅರ್ಥಮಾಡಿಕೊಂಡು, ಗಿಡಕ್ಕೆ ಅದೇ ಹೆಚ್ಚು ಶಕ್ತಿಯುತವೆಂದು ಭಾವಿಸುವ ಅಪಾಯವಿದೆ. ‘ನೇರಳಾತೀತ’ ಎಂಬುದರಲ್ಲಿ ನೇರಳೆಯನ್ನು ದಾಟಿದ್ದು ಎಂಬ ಅರ್ಥ ಸ್ಪಷ್ಟವಾಗಿರುವುದರಿಂದ ನನ್ನ ಒಲವು ಅದರ ಕಡೆಗಿದೆ. ಕನ್ನಡ ಪದಕ್ಕೆ ಸಂಸ್ಕೃತದ ‘ಅತೀತ’ ಸೇರಿದೆಯೆಂದು ಅರಿಸಮಾಸದ ಆಕ್ಷೇಪ ಬರಬಹುದು. ಸುರಕ್ಷತೆಯ ಮಾತಿನಲ್ಲಿ ಅದನ್ನು ನಾನು ದೊಡ್ಡದಾಗಿ ಎಣಿಸುವುದಿಲ್ಲ.

‘ಗ್ರೋ ಲೈಟ್’ಗೆ ಬಣ್ಣದ ಹೆಸರೇ ಬೇಡವೆಂದು ನನಗನ್ನಿಸುತ್ತದೆ, ಏಕೆಂದರೆ ಸಾಕಷ್ಟು ಪ್ರಖರವಾದ ಬಿಳಿ ಎಲ್‌ಇಡಿಯಲ್ಲಿಯೂ ಗಿಡಗಳು ಚೆನ್ನಾಗಿ ಬೆಳೆಯುತ್ತವೆ, ಮನೆಯವರ ಕಣ್ಣಿಗೂ ಅದು ಹಿತ. ‘ಗಿಡದೀಪ’ ಎಂದರೆ ಸಾಲದೇ, ಅಥವಾ ಅದು ಗಿಡದ ಆಕಾರದ ಅಲಂಕಾರದೀಪದಂತೆ ಕೇಳಿಸುತ್ತದೆಯೇ?

ಇನ್ನೊಂದು ಪ್ರಶ್ನೆ ‘ಜಲನಿರೋಧಕ’ದ್ದು. ಧೂಳು, ನೀರು ಒಳಹೋಗದಂತೆ ಎಷ್ಟು ರಕ್ಷಣೆಯಿದೆ ಎಂಬುದನ್ನು ದೀಪದ ಮೇಲಿನ ‘ಐಪಿ’ ಗುರುತು ತಿಳಿಸುತ್ತದೆ. ಐಪಿ44 ಗುರುತಿನ ದೀಪ ನೀರಿನ ಸಿಡಿತವನ್ನಷ್ಟೇ ತಡೆಯುತ್ತದೆ, ಐಪಿ65 ಕೊಳವೆಯಿಂದ ಚಿಮ್ಮುವ ನೀರನ್ನೂ ತಡೆಯುತ್ತದೆ, ಆದರೆ ಎರಡನ್ನೂ ನೀರಿನಲ್ಲಿ ಮುಳುಗಿಸುವಂತಿಲ್ಲ. ದೀಪಕ್ಕೆ ಆ ಗುರುತು ಇದ್ದ ಮಾತ್ರಕ್ಕೆ ಅದರ ಅಡಾಪ್ಟರ್‌ಗೂ ಪ್ಲಗ್‌ಗೂ ಅದು ಅನ್ವಯಿಸುವುದಿಲ್ಲ. ಇವೆಲ್ಲವನ್ನೂ ಒಂದೇ ಪದದಲ್ಲಿ ಹೇಳಿದರೆ, ಗಿಡಕ್ಕೆ ನೀರು ಚಿಮುಕಿಸುವವರು ದೀಪಕ್ಕೂ ಧಾರಾಳವಾಗಿ ಹೊಡೆದಾರು. ‘ಸಿಡಿನೀರು ತಡೆ’, ‘ಚಿಮ್ಮುನೀರು ತಡೆ’ ಎಂದು ಬೇರೆ ಬೇರೆಯಾಗಿ ಬರೆಯಲು ಯೋಚಿಸಿದ್ದೇನೆ. ಚಿತ್ರದುರ್ಗದ ಕಡೆಯಲ್ಲಾಗಲಿ ಬೇರೆಡೆಯಲ್ಲಾಗಲಿ ಪಂಪ್‌ಸೆಟ್, ಸ್ಟಾರ್ಟರ್ ಪೆಟ್ಟಿಗೆಗಳ ಕೆಲಸದವರಲ್ಲಿ ಇದಕ್ಕೆ ಬಳಕೆಯ ಮಾತುಗಳಿದ್ದರೆ ದಯವಿಟ್ಟು ತಿಳಿಸಬೇಕು.