ಡಯಾಲಿಸಿಸ್‌ನಲ್ಲಿರುವ ಹಿರಿಯರ ನಿತ್ರಾಣ: ವಯಸ್ಸಾಯಿತೆಂದು ಸುಮ್ಮನಿರಬೇಕೇ?

ಪ್ರಶ್ನೆ

ನಮ್ಮ ತಂದೆಯವರಿಗೆ 76 ವರ್ಷ. ವಾರಕ್ಕೆ ಮೂರು ಬಾರಿ, ಪ್ರತಿ ಸಲ ನಾಲ್ಕು ಗಂಟೆಗಳ ಹೀಮೋಡಯಾಲಿಸಿಸ್ ನಡೆಯುತ್ತಿದೆ. ರಕ್ತಪರೀಕ್ಷೆಯ ವರದಿಗಳು ತೃಪ್ತಿಕರವಾಗಿವೆ, ತೂಕವೂ ಇಳಿದಿಲ್ಲ, ಆದ್ದರಿಂದ ಆತಂಕಪಡುವ ಅಗತ್ಯವಿಲ್ಲ ಎಂದು ವೈದ್ಯರು ಹೇಳುತ್ತಾರೆ. ಆದರೆ ಮನೆಯಲ್ಲಿ ನಮಗೆ ಕಾಣುತ್ತಿರುವುದೇ ಬೇರೆ. ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈಗಳನ್ನು ಊರಿ, ಅರ್ಧ ಎದ್ದು, ಮತ್ತೆ ಕುಸಿದು ಕುಳಿತು, ಎರಡನೆಯ ಪ್ರಯತ್ನದಲ್ಲಿ ನಿಲ್ಲುತ್ತಾರೆ. ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ದಣಿದುಬಿಡುತ್ತಾರೆ. ಡಯಾಲಿಸಿಸ್ ಮುಗಿಸಿ ಬಂದ ದಿನವಂತೂ ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಕೇಳಿದರೆ "ವಯಸ್ಸಾಯಿತಲ್ಲಮ್ಮ" ಎಂದು ಮಾತು ಮುಗಿಸುತ್ತಾರೆ. ಇದು ವಯಸ್ಸಿನದೋ, ಚಿಕಿತ್ಸೆಯದೋ? ಇದನ್ನು ಅಳೆಯುವ, ಸ್ವಲ್ಪವಾದರೂ ಸರಿಪಡಿಸುವ ದಾರಿಯಿದೆಯೇ?

ಉತ್ತರ 1 (ಡಯಾಲಿಸಿಸ್ ಘಟಕದ ಶುಶ್ರೂಷಕಿ)

ಮೊದಲು ತೂಕದ ವಿಷಯ ಹೇಳುತ್ತೇನೆ, ಏಕೆಂದರೆ ಅನೇಕರು ಮೋಸಹೋಗುವುದು ಅಲ್ಲಿಯೇ. ಮೂತ್ರಪಿಂಡ ಕೆಲಸ ಮಾಡದವರಲ್ಲಿ ಮಾಂಸಖಂಡ ಕರಗಿದ ಜಾಗವನ್ನು ದೇಹದಲ್ಲಿ ಉಳಿದ ನೀರು ತುಂಬಿಬಿಡಬಹುದು. ತಕ್ಕಡಿಯ ಮುಳ್ಳು ಅಲುಗುವುದಿಲ್ಲ, ತೋಳು ತೊಡೆಗಳು ಮಾತ್ರ ಸಣ್ಣಗಾಗುತ್ತವೆ. ಆದ್ದರಿಂದ ಡ್ರೈ ವೇಟ್ (ಹೆಚ್ಚುವರಿ ನೀರನ್ನು ತೆಗೆದ ಮೇಲೆ ಇರಬೇಕಾದ ತೂಕ) ಎಂದು ನಾವು ನಿಗದಿಪಡಿಸಿರುವ ತೂಕ ಈಗಲೂ ಸರಿಯಿದೆಯೇ ಎಂದು ಮರುಪರಿಶೀಲಿಸಲು ನೀವಾಗಿಯೇ ಕೇಳಿ.

ನೀವು ವರ್ಣಿಸಿರುವ ಸ್ಥಿತಿಯನ್ನು ಗುರುತಿಸಲು ಅಮೆರಿಕದ ವೈದ್ಯ ಸಂಶೋಧಕಿ ಲಿಂಡಾ ಫ್ರೈಡ್ ಮತ್ತು ಅವರ ಸಂಗಡಿಗರು 2001ರಲ್ಲಿ ಐದು ಲಕ್ಷಣಗಳನ್ನು ಸೂಚಿಸಿದರು: ಬಯಸದೆ ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ದೈನಂದಿನ ಚಟುವಟಿಕೆ ಕುಗ್ಗುವುದು. ಇವುಗಳಲ್ಲಿ ಮೂರು ಅಥವಾ ಹೆಚ್ಚು ಇದ್ದರೆ ದೈಹಿಕ ದುರ್ಬಲತೆ ಇದೆಯೆಂದು ಪರಿಗಣಿಸುತ್ತಾರೆ. ಮೊದಲನೆಯ ಲಕ್ಷಣ ಡಯಾಲಿಸಿಸ್ ರೋಗಿಗಳಲ್ಲಿ ನಂಬಲರ್ಹವಲ್ಲ ಎಂಬುದು ಈಗ ನಿಮಗೆ ಅರ್ಥವಾಗಿರಬಹುದು. ವಯಸ್ಸು ಒಂದು ಕಾರಣ ಮಾತ್ರ. ರಕ್ತಹೀನತೆ, ರಕ್ತದಲ್ಲಿ ಆಮ್ಲೀಯತೆ, ದೀರ್ಘಕಾಲದ ಉರಿಯೂತ, ಹಸಿವಿಲ್ಲದಿರುವುದು, ಇವೆಲ್ಲವೂ ಮಾಂಸಖಂಡದ ಶಕ್ತಿಯನ್ನು ಕುಂದಿಸುತ್ತವೆ. ನಡುವಯಸ್ಸಿನವರಲ್ಲೂ ಇದನ್ನು ನಾವು ಕಾಣುತ್ತೇವೆ.

ಇನ್ನೊಂದು ಮಾತು. ಡಯಾಲಿಸಿಸ್ ಆರಂಭಕ್ಕೆ ಮುನ್ನ ಪ್ರೋಟೀನ್ ಕಡಿಮೆ ಮಾಡಿ ಎಂದು ಹೇಳಿದ್ದನ್ನೇ ಎಷ್ಟೋ ಕುಟುಂಬಗಳು ಆರಂಭವಾದ ಮೇಲೂ ಶ್ರದ್ಧೆಯಿಂದ ಪಾಲಿಸುತ್ತಿರುತ್ತವೆ. ಆಗ ಸಲಹೆ ತಿರುಗುಮುರುಗಾಗುತ್ತದೆ: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.0ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ಏಕೆಂದರೆ ಪ್ರತಿ ಸಲವೂ ಯಂತ್ರದ ಮೂಲಕ ಒಂದಿಷ್ಟು ಅಮೈನೋ ಆಮ್ಲ (ಪ್ರೋಟೀನಿನ ಘಟಕ) ಹೊರಹೋಗುತ್ತದೆ. ಫಾಸ್ಫರಸ್ ಮತ್ತು ಪೊಟ್ಯಾಸಿಯಂ ಮಿತಿಯೊಳಗೆ ಇದನ್ನು ಹೊಂದಿಸಲು ಆಹಾರತಜ್ಞರ ಸಹಾಯ ಪಡೆಯಿರಿ.

ಉತ್ತರ 2 (ಫಿಸಿಯೋಥೆರಪಿಸ್ಟ್)

ಚಿಕಿತ್ಸೆ ಮುಗಿದ ಮೇಲೆ ಮೊದಲಿನಂತಾಗಲು ಎಷ್ಟು ಹೊತ್ತು ಬೇಕಾಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಪ್ರತಿ ವಾರ ತಂದೆಯವರಿಗೆ ಕೇಳಿ, ಬರೆದಿಟ್ಟುಕೊಳ್ಳಿ. ಇಡೀ ದಿನ ಬೇಕಾಗುತ್ತಿದ್ದರೆ ದೇಹದಿಂದ ನೀರನ್ನು ಅತಿವೇಗವಾಗಿ ತೆಗೆಯಲಾಗುತ್ತಿದೆಯೇ ಎಂದು ವಿಚಾರಿಸಬೇಕು. ದೇಹತೂಕದ ಪ್ರತಿ ಕಿಲೋಗೆ ಗಂಟೆಗೆ 13 ಮಿಲಿಲೀಟರ್ ಮೀರಬಾರದೆಂಬ ಮಿತಿ ಸಾಮಾನ್ಯವಾಗಿ ಬಳಕೆಯಲ್ಲಿದೆ. 60 ಕಿಲೋ ತೂಕದವರಿಗೆ ನಾಲ್ಕು ಗಂಟೆಗಳಲ್ಲಿ ಅದು ಸುಮಾರು ಮೂರು ಲೀಟರ್ ಆಗುತ್ತದೆ. ಅದಕ್ಕಿಂತ ಹೆಚ್ಚು ತೆಗೆಯಬೇಕಾದಾಗ ಅವಧಿಯನ್ನು ವಿಸ್ತರಿಸುವ ಕುರಿತು ಮಾತನಾಡಬಹುದು.

ವ್ಯಾಯಾಮದ ಬಗ್ಗೆ ಉತ್ಸಾಹದಿಂದ ಹೇಳುವ ಮುನ್ನ ಸ್ವಲ್ಪ ಸಂಯಮ ಅಗತ್ಯ. ಇಟಲಿಯಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮನೆಯಲ್ಲೇ ನಿಧಾನವಾಗಿ ನಡೆಯುವ ಅಭ್ಯಾಸವನ್ನು ಆರು ತಿಂಗಳು ಮಾಡಿದ ಡಯಾಲಿಸಿಸ್ ರೋಗಿಗಳು ಆರು ನಿಮಿಷಗಳಲ್ಲಿ ಕ್ರಮಿಸುವ ದೂರ ಸರಾಸರಿ 328 ಮೀಟರ್‌ನಿಂದ 367 ಮೀಟರ್‌ಗೆ ಏರಿತು. ಬ್ರಿಟನ್ನಿನಲ್ಲಿ ಡಯಾಲಿಸಿಸ್ ನಡೆಯುವಾಗಲೇ ಸೈಕಲ್ ತುಳಿಸಿದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಾದರೋ ಜೀವನದ ಗುಣಮಟ್ಟದಲ್ಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ. ನನ್ನ ಅಭಿಪ್ರಾಯದಲ್ಲಿ, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಹತ್ತು ನಿಮಿಷದ ನಡಿಗೆ ಮತ್ತು ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ ಸಾಕು. ಚಿಕಿತ್ಸೆ ಮುಗಿದೊಡನೆ ಬಿಪಿ ಇಳಿದು ಬೀಳುವ ಅಪಾಯವಿರುವುದರಿಂದ, ಸ್ವಲ್ಪ ಹೊತ್ತು ಕಾಲು ಕೆಳಗಿಟ್ಟು ಕುಳಿತು ಅನಂತರವೇ ಏಳಬೇಕು.

ಉತ್ತರ 3 (ಡಯಾಲಿಸಿಸ್ ಪಡೆಯುತ್ತಿರುವ ಹಿರಿಯರೊಬ್ಬರು)

ಮಗಳೇ, ನಿಮ್ಮ ತಂದೆ ಆ ಉತ್ತರ ಕೊಡುವುದೇಕೆಂದು ನಾನು ಊಹಿಸಬಲ್ಲೆ. ಸುಸ್ತೆಂದು ಹೇಳಿದರೆ ಇನ್ನೊಂದು ಪರೀಕ್ಷೆ, ಇನ್ನೊಂದು ಮಾತ್ರೆ, ಮಕ್ಕಳಿಗೆ ಇನ್ನೊಂದು ರಜೆ ಎಂಬ ಲೆಕ್ಕಾಚಾರ ನಮ್ಮೊಳಗೆ ನಡೆಯುತ್ತಲೇ ಇರುತ್ತದೆ. ಹೇಗಿದ್ದೀರಿ ಎಂದು ಕೇಳಬೇಡಿ. ಯಾವ ಕೆಲಸವನ್ನು ಮತ್ತೆ ತಾವೇ ಮಾಡಿಕೊಳ್ಳಬೇಕೆಂಬ ಆಸೆಯಿದೆ ಎಂದು ಕೇಳಿ. ನನ್ನ ಮಟ್ಟಿಗೆ ಯಾರ ಸಹಾಯವೂ ಇಲ್ಲದೆ ಸ್ನಾನ ಮಾಡುವುದೇ ದೊಡ್ಡ ವಿಷಯ. ಯೂರಿಯಾ ಎಷ್ಟಿದೆ ಎಂಬುದು ಆಮೇಲಿನದು. ನಿದ್ರೆ, ಹಸಿವು, ಆಸಕ್ತಿ ಮೂರೂ ಒಟ್ಟಿಗೆ ಹೋಗಿದ್ದರೆ ಅದು ಖಿನ್ನತೆಯೂ ಆಗಿರಬಹುದು. ಅದಕ್ಕೂ ಚಿಕಿತ್ಸೆಯಿದೆ, ಸಂಕೋಚ ಬೇಡ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಪ್ರೋಟೀನ್ ವಿಷಯದಲ್ಲಿ ನಮ್ಮ ಮನೆಯಲ್ಲೂ ಹಳೆಯ ಪಥ್ಯವೇ ಮುಂದುವರಿದಿದೆ. ಮುಂದಿನ ಭೇಟಿಯಲ್ಲಿ ಡ್ರೈ ವೇಟ್ ಬಗ್ಗೆಯೂ ಕೇಳುತ್ತೇನೆ. ಅವರ ಬಲಗೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿರುವ ಜಾಗ) ಇದೆ. ಕೈಹಿಡಿತ ಅಳೆಯಲು ತೊಂದರೆಯಾಗುವುದಿಲ್ಲವೇ?

ಉತ್ತರ 1ರ ಶುಶ್ರೂಷಕಿ

ಎಡಗೈಯಲ್ಲಿ ಅಳೆಯಲಿ, ಪ್ರತಿ ಸಲವೂ ಅದೇ ಕೈಯಲ್ಲಿ, ಡಯಾಲಿಸಿಸ್ ಆರಂಭವಾಗುವ ಮೊದಲೇ ಅಳೆಯಲಿ. ಚಿಕಿತ್ಸೆಯ ನಂತರ ಅಳೆದರೆ ಆ ದಿನದ ದಣಿವೂ ಅದರಲ್ಲಿ ಸೇರಿಬಿಡುತ್ತದೆ.