ಕರ್ಕ್ಯುಮಿನ್ ಕೊಟ್ಟಾಗ ಎಲ್‌ಸಿ3-2 ಹೆಚ್ಚಿತು. ಆಟೋಫೇಜಿ (ಕೋಶ ತನ್ನದೇ ಭಾಗಗಳನ್ನು ಕರಗಿಸಿಕೊಳ್ಳುವ ಕ್ರಿಯೆ) ಹೆಚ್ಚಿತೆಂದೇ ಅರ್ಥವೇ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ಯು87 ಮೆದುಳುಗಡ್ಡೆ ಕೋಶಗಳಿಗೆ ಅರಿಶಿನದ ಕರ್ಕ್ಯುಮಿನ್ ಕೊಟ್ಟೆ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನಿನ ಪ್ರಮಾಣವನ್ನು ಪಟ್ಟಿಯಾಗಿ ತೋರಿಸುವ ಪರೀಕ್ಷೆ) ಆಟೋಫೇಜಿಯ ಗುರುತಾದ ಎಲ್‌ಸಿ3-2 ಪ್ರೋಟೀನಿನ ಪಟ್ಟಿ ದಟ್ಟವಾಗಿದೆ. ಕೋಶಗಳು ತಮ್ಮನ್ನೇ ತಿಂದುಕೊಂಡು ಸಾಯುತ್ತಿವೆ ಎಂದು ವರದಿಯಲ್ಲಿ ಬರೆಯಬಹುದೇ?

ಉತ್ತರ 1: ದಯವಿಟ್ಟು ಈಗಲೇ ಬರೆಯಬೇಡಿ. ಆಟೋಫ್ಯಾಗೋಸೋಮ್‌ಗಳು (ಕರಗಿಸಬೇಕಾದ ಭಾಗಗಳನ್ನು ಸುತ್ತುವ ಚೀಲಗಳು; ಎಲ್‌ಸಿ3-2 ಇರುವುದು ಇವುಗಳ ಪೊರೆಯಲ್ಲಿ) ಹೆಚ್ಚು ಹುಟ್ಟಿದರೂ ಆ ಪಟ್ಟಿ ದಟ್ಟವಾಗುತ್ತದೆ, ಹುಟ್ಟಿದವು ಕೋಶದ ಜೀರ್ಣಚೀಲವಾದ ಲೈಸೋಸೋಮ್‌ನಲ್ಲಿ ಕರಗದೆ ಉಳಿದರೂ ದಟ್ಟವಾಗುತ್ತದೆ. ಲೈಸೋಸೋಮ್‌ನಲ್ಲಿ ಕರಗುವುದನ್ನು ತಡೆಯುವ ಬ್ಯಾಫಿಲೋಮೈಸಿನ್ ಮಾತ್ರ ಕೊಟ್ಟ ಕೋಶಗಳನ್ನೂ ಅದರೊಂದಿಗೆ ಕರ್ಕ್ಯುಮಿನ್ ಕೊಟ್ಟ ಕೋಶಗಳನ್ನೂ ಹೋಲಿಸಿ. ಎರಡನೆಯದರಲ್ಲಿ ಪಟ್ಟಿ ಇನ್ನೂ ದಟ್ಟವಾಗಿದ್ದರೆ ಉತ್ಪತ್ತಿ ಹೆಚ್ಚಿದೆ ಎನ್ನಬಹುದು. ಆಟೋಫೇಜಿಯಲ್ಲಿ ತಾನೂ ಕರಗುವ ಪಿ62 ಪ್ರೋಟೀನನ್ನೂ ನೋಡಿ. ಆಟೋಫೇಜಿ ಪೂರ್ತಿಯಾಗಿ ನಡೆದರೆ ಅದು ಸಾಮಾನ್ಯವಾಗಿ ತಗ್ಗುತ್ತದೆ.

ಉತ್ತರ 2: ಸಾವಿನ ವಿಚಾರ ಬೇರೆ. ಈ ಕೋಶಗಳಲ್ಲಿ ಕರ್ಕ್ಯುಮಿನ್, ಬೆಳವಣಿಗೆಗೆ ಪ್ರೇರೇಪಿಸುವ ಎಕೆಟಿ-ಎಂಟಾರ್ ಸಂಕೇತವನ್ನು ತಗ್ಗಿಸಿ ಆಟೋಫೇಜಿಯನ್ನು ಚುರುಕುಗೊಳಿಸುತ್ತದೆ, ನಿಜ. ಆದರೆ ಹಸಿದ ಕ್ಯಾನ್ಸರ್ ಕೋಶ ಬದುಕುಳಿಯುವುದೂ ಅದೇ ಆಟೋಫೇಜಿಯಿಂದ. ಆಟೋಫೇಜಿಗೆ ಬೇಕಾದ ಎಟಿಜಿ5 ಜೀನನ್ನು ಅಡಗಿಸಿ, ಆಮೇಲೆ ಸಾವು ತಗ್ಗುತ್ತದೋ (ಆಟೋಫೇಜಿ ಕೊಲ್ಲುತ್ತಿತ್ತು) ಹೆಚ್ಚುತ್ತದೋ (ಅದು ಕಾಪಾಡುತ್ತಿತ್ತು) ಎಣಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಬ್ಯಾಫಿಲೋಮೈಸಿನ್ ಇಲ್ಲ, ಕ್ಲೋರೊಕ್ವಿನ್ ಇದೆ. ಸಾಕೇ?

ಉತ್ತರ 1: ಸಾಕು, ಅದೂ ಲೈಸೋಸೋಮ್‌ನ ಕೆಲಸವನ್ನು ತಡೆಯುತ್ತದೆ. ಇನ್ನೊಂದು ಕೋರಿಕೆ: ಮುನ್ನುಡಿಯಲ್ಲಿ ‘ಅರಿಶಿನ ಕ್ಯಾನ್ಸರ್ ಗುಣಪಡಿಸುತ್ತದೆ’ ಎಂಬ ಸಾಲು ಬೇಡ. ಬಾಯಿಯಿಂದ ಸೇವಿಸಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಅಂತಹ ಸಾಲು ನಂಬಿ ಚಿಕಿತ್ಸೆ ನಿಲ್ಲಿಸುವವರಿದ್ದಾರೆ.