ಮೀನು ಹಾಕ್ತಾರೆ, ಡಾಕ್ಟರ್ ಇದ್ದಾರೆ, ಮತ್ತೆ ಓರ್ಕಾಗೆ ಏನು ಕಷ್ಟ?

ಪ್ರಶ್ನೆ: ಪ್ರಾಥಮಿಕ ಶಾಲೆ ಶಿಕ್ಷಕಿ, ವಿಜಯಪುರ

ಡಾಕ್ಟರ್ ಸರ್, ನಮಸ್ಕಾರ. ನಾನು 5ನೇ ತರಗತಿಗೆ ಪರಿಸರ ಅಧ್ಯಯನ ಕಲಿಸುತ್ತೇನೆ. ಮಕ್ಕಳು ಮನೆಯಲ್ಲಿ ಫೋನಿನಲ್ಲಿ ಓರ್ಕಾ ಶೋ ನೋಡಿಕೊಂಡು ಬಂದಿದ್ದಾರೆ. ಅದೇ ಕಪ್ಪು ಬಿಳುಪಿನ ಕಿಲ್ಲರ್ ವೇಲ್. ಕೊಳದಿಂದ ಮೇಲೆ ಹಾರಿ ಚೆಂಡು ಮುಟ್ಟುತ್ತದೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಅದು ಅಲ್ಲಿ ಸುಖವಾಗಿಲ್ಲ ಅಂತ ನಾನು ಹೇಳಿದೆ. ಒಬ್ಬ ಹುಡುಗ ಎದ್ದು, "ಅಕ್ಕೋರೆ, ಅದಕ್ಕ ದಿನಾ ಮೀನ ಹಾಕ್ತಾರ, ಡಾಕ್ಟರ್ ಅದಾರ, ಮತ್ತ್ಯಾಕ ತ್ರಾಸ?" ಅಂದ. ಉಳಿದವರೂ ಹೌದು ಹೌದು ಅಂದರು. ಹತ್ತು ವರ್ಷದ ಮಕ್ಕಳಿಗೆ ಇದನ್ನು ಅಳಿಸದೆ, ಹೆದರಿಸದೆ ಹೇಗೆ ಹೇಳಬೇಕು?

ಉತ್ತರ: ಪಶುವೈದ್ಯ

ಮೇಡಂ, ನಾನು ದನ, ಎಮ್ಮೆ, ಕುರಿ ನೋಡುವ ಡಾಕ್ಟರ್. ಓರ್ಕಾಗೆ ಇಂಜೆಕ್ಷನ್ ಕೊಟ್ಟವನಲ್ಲ. ಆದರೆ ಆ ಹುಡುಗ ಕೇಳಿದ್ದು ನಮ್ಮ ವೃತ್ತಿಯ ಮೂಲ ಪ್ರಶ್ನೆಯನ್ನೇ. ಅವನಿಗೆ ಮೊದಲು ಶಭಾಷ್ ಅನ್ನಿ.

ಪ್ರಾಣಿ ಚೆನ್ನಾಗಿದೆಯಾ ಅಂತ ನೋಡಲು ನಾವು ಐದು ವಿಷಯ ಕೇಳುತ್ತೇವೆ. 1965ರಲ್ಲಿ ಇಂಗ್ಲೆಂಡಿನಲ್ಲಿ ಸಾಕುಪ್ರಾಣಿಗಳ ಬಗ್ಗೆ ಬ್ರಾಂಬೆಲ್ ಸಮಿತಿಯ ವರದಿ ಬಂತು. ಇವು ಅದರಿಂದ ಬೆಳೆದು ಬಂದ ಪ್ರಶ್ನೆಗಳು. ಹಸಿವು ಬಾಯಾರಿಕೆ ಇಲ್ಲವಾ, ಇರುವ ಜಾಗ ಹಿತವಾಗಿದೆಯಾ, ನೋವು ರೋಗ ಇಲ್ಲವಾ, ಹೆದರಿಕೆ ಇಲ್ಲವಾ, ತನ್ನ ಸ್ವಭಾವದಂತೆ ಬದುಕಲು ಆಗುತ್ತದೆಯಾ. ನಿಮ್ಮ ಹುಡುಗ ಹೇಳಿದ ಮೀನು ಮತ್ತು ಡಾಕ್ಟರ್ ಈ ಐದರಲ್ಲಿ ಎರಡಕ್ಕೆ ಮಾತ್ರ ಉತ್ತರ. ಉಳಿದ ಮೂರನ್ನು ಮಕ್ಕಳೇ ಹುಡುಕಲಿ. "ಪಾಪ, ಅದಕ್ಕೆ ದುಃಖ" ಅಂತ ನೀವು ಮೊದಲೇ ತೀರ್ಪು ಕೊಟ್ಟರೆ ಅವರು ಅದನ್ನೇ ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಷ್ಟೇ.

ಜಾಗದಿಂದ ಶುರು ಮಾಡಿ. ಅಮೆರಿಕದ ಮಯಾಮಿಯಲ್ಲಿ ಲೋಲಿತಾ ಅನ್ನುವ ಹೆಣ್ಣು ಓರ್ಕಾ ಇತ್ತು. ಉದ್ದ ಸುಮಾರು 20 ಅಡಿ. ಅದರ ಕೊಳದ ಉದ್ದ 80 ಅಡಿ, ಅದು ಈಜುತ್ತಿದ್ದ ಮುಂದಿನ ಭಾಗದ ಅಗಲ 35 ಅಡಿ, ಅತಿ ಹೆಚ್ಚು ಆಳ ಅಂದರೆ 20 ಅಡಿ. ಇದನ್ನು ಶಾಲೆ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಎಳೆಯಿರಿ. ಖೋಖೋ ಅಂಗಳ ಇದ್ದರೆ ಅದರ ಒಳಗೇ ಎಳೆಯಬಹುದು. ಖೋಖೋ ಅಂಗಳ 27 ಮೀಟರ್ ಉದ್ದ, 16 ಮೀಟರ್ ಅಗಲ. ಕೊಳ ಸುಮಾರು 24 ಮೀಟರ್ ಉದ್ದ, 11 ಮೀಟರ್ ಅಗಲ. ಅಂಗಳಕ್ಕಿಂತ ಚಿಕ್ಕದು! ಆಮೇಲೆ ಐದಾರು ಮಕ್ಕಳನ್ನು ಸಾಲಾಗಿ, 20 ಅಡಿ ಆಗುವಂತೆ, ಒಬ್ಬರ ಹಿಂದೆ ಒಬ್ಬರನ್ನು ನಿಲ್ಲಿಸಿ. ಆ ಸಾಲು ಗೆರೆ ದಾಟದೆ ತಿರುಗಲಿ. ಎಷ್ಟು ಬೇಗ ತಿರುವು ಬರುತ್ತದೆ ಅಂತ ಅವರೇ ಹೇಳುತ್ತಾರೆ. ಇದಾದ ಮೇಲೆ, ಸಮುದ್ರದ ಓರ್ಕಾ ಒಂದು ದಿನಕ್ಕೆ 100 ಕಿಲೋಮೀಟರಿಗಿಂತ ಹೆಚ್ಚು ಈಜಬಲ್ಲದು ಅನ್ನಿ. ನಮ್ಮಿಂದ ಸೋಲಾಪುರ ಹೆಚ್ಚು ಕಡಿಮೆ ಅಷ್ಟೇ ದೂರ. ಬಸ್ಸಿನಲ್ಲಿ ಹೋದ ಮಕ್ಕಳಿಗೆ ಅದು ಎಷ್ಟು ಅಂತ ಗೊತ್ತಿರುತ್ತದೆ.

ಸ್ವಭಾವದ ವಿಷಯಕ್ಕೆ ಜಾಸ್ತಿ ಹೊತ್ತು ಕೊಡಿ. ಓರ್ಕಾ ಡಾಲ್ಫಿನ್ ಕುಟುಂಬದಲ್ಲೇ ದೊಡ್ಡದು. ಅಮೆರಿಕ ಮತ್ತು ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಮೀನು ತಿಂದು ಬದುಕುವ ಓರ್ಕಾಗಳಲ್ಲಿ ಗಂಡಾಗಲಿ ಹೆಣ್ಣಾಗಲಿ ಮಕ್ಕಳು ಜೀವನಪೂರ್ತಿ ತಾಯಿಯ ಗುಂಪಿನಲ್ಲೇ ಇರುತ್ತವೆ. ಬೆಳೆದು ದೊಡ್ಡವಾದ ಗಂಡುಮಕ್ಕಳಿಗೂ ತಾಯಿ ತಾನು ಹಿಡಿದ ಮೀನಿನಲ್ಲಿ ಪಾಲು ಕೊಡುತ್ತದೆ. ಒಂದೊಂದು ಗುಂಪಿಗೂ ಅದರದೇ ಕೂಗು. ಶೋಗಳಿಗಾಗಿ ಮರಿಗಳನ್ನು ತಾಯಿಯಿಂದ ಬೇರೆ ಮಾಡಿ ತಂದರು. ಐಸ್‌ಲ್ಯಾಂಡಿನಲ್ಲಿ ಹಿಡಿದದ್ದನ್ನೂ ಪೆಸಿಫಿಕ್ ಸಾಗರದಲ್ಲಿ ಹಿಡಿದದ್ದನ್ನೂ ಒಂದೇ ಕೊಳಕ್ಕೆ ಬಿಟ್ಟದ್ದೂ ಇದೆ. ಜಗಳ ಆದರೆ ಸಮುದ್ರದಲ್ಲಿ ಒಂದು ಓರ್ಕಾ ದೂರ ಹೋಗಬಹುದು. ಕೊಳದಲ್ಲಿ ಹೋಗೋದೆಲ್ಲಿಗೆ?

ಇನ್ನು ಕಣ್ಣಿಗೆ ಕಾಣುವ ಗುರುತುಗಳು. ಬೇಸರಕ್ಕೆ ಕಾಂಕ್ರೀಟ್ ಗೋಡೆ, ಕಬ್ಬಿಣದ ಗೇಟು ಕಡಿದು ಹಲ್ಲು ಸವೆಯುತ್ತದೆ, ಮುರಿಯುತ್ತದೆ. ಆ ಹಲ್ಲನ್ನು ಕೊರೆದು ದಿನಾ ತೊಳೆಯಬೇಕಾಗುತ್ತದೆ. ಅಂದರೆ "ಡಾಕ್ಟರ್ ಅದಾರ" ಅನ್ನೋದು ನಿಜ, ಆದರೆ ಆ ಡಾಕ್ಟರಿಗೆ ಕೆಲಸ ಕೊಟ್ಟದ್ದೇ ಕೊಳ. ನಿಮ್ಮ ಹುಡುಗನಿಗೆ ಇದು ಇಷ್ಟವಾಗಬಹುದು.

ಗೆಳೆಯರೊಬ್ಬರು: ಸರ್, ಟ್ರೇನರ್‌ಳನ್ನು ಓರ್ಕಾ ಕೊಲ್ಲುವ ವಿಡಿಯೊ ನನ್ನ ಮಗಳೂ ನೋಡಿದ್ದಾಳೆ. ಅಂದಿನಿಂದ ಅದು ರಾಕ್ಷಸ ಅಂತಾಳೆ.

ಪಶುವೈದ್ಯ: 2025ರ ಆಗಸ್ಟ್‌ನಲ್ಲಿ ಎಲ್ಲರ ಫೋನಿಗೂ ಬಂದ ವಿಡಿಯೊ ಆದರೆ ಅದು ಸುಳ್ಳು. ಎಐನಲ್ಲಿ ಮಾಡಿದ್ದು. ಅದರಲ್ಲಿ ಹೇಳಿದ ಹೆಸರಿನ ಟ್ರೇನರ್ ಇರಲೇ ಇಲ್ಲ. ಮಗಳಿಗೆ ಇದನ್ನು ಸೀದಾ ಹೇಳಿ. ಆದರೆ "ಅಂಥದ್ದು ಯಾವತ್ತೂ ಆಗಿಲ್ಲ" ಅಂತ ಮಾತ್ರ ಹೇಳಬೇಡಿ. 2010ರ ಫೆಬ್ರವರಿಯಲ್ಲಿ ಒರ್ಲಾಂಡೊದಲ್ಲಿ ತಿಲಿಕಮ್ ಅನ್ನುವ ಗಂಡು ಓರ್ಕಾದಿಂದ ಟ್ರೇನರ್ ಒಬ್ಬರು ಸತ್ತದ್ದು ನಿಜ. ತಿಲಿಕಮ್ ಅನ್ನು 1983ರಲ್ಲಿ ಐಸ್‌ಲ್ಯಾಂಡ್ ಹತ್ತಿರ ಹಿಡಿದಾಗ ಅದಕ್ಕೆ ಸುಮಾರು ಎರಡು ವರ್ಷ. ಸಮುದ್ರದಲ್ಲಿ ಸ್ವತಂತ್ರವಾಗಿರುವ ಓರ್ಕಾ ಮನುಷ್ಯನನ್ನು ಕೊಂದ ದಾಖಲೆ ಒಂದೂ ಇಲ್ಲ. ಈ ಎರಡು ಮಾತು ಅಕ್ಕಪಕ್ಕ ಇಟ್ಟರೆ ರಾಕ್ಷಸ ಅನ್ನೋದು ತಾನಾಗಿ ಹೋಗುತ್ತದೆ. ವಿವರ ಬೇಡ, ಫೋಟೊ ಅಂತೂ ಬೇಡವೇ ಬೇಡ.

ರೈತರೊಬ್ಬರು, ಬಾಗಲಕೋಟೆ: ನಾವೂ ಎಮ್ಮೆ ಕಟ್ಟಿ ಹಾಕ್ತೀವಲ್ಲ ಡಾಕ್ಟ್ರೇ. ಮಗ ಶಾಲೆಯಿಂದ ಬಂದು ನಮ್ಮನ್ನೇ ಕೇಳಿದರೆ?

ಪಶುವೈದ್ಯ: ಕೇಳೇ ಕೇಳುತ್ತಾನೆ, ಕೇಳಲಿ ಬಿಡಿ. ಎಮ್ಮೆ ಸಾವಿರಾರು ವರ್ಷದಿಂದ ಮನುಷ್ಯನ ಜೊತೆ ಹುಟ್ಟಿ ಬೆಳೆದದ್ದು. ಓರ್ಕಾವನ್ನು ಹಿಡಿದು ಶೋ ಮಾಡಲು ಶುರು ಮಾಡಿದ್ದೇ 1960ರ ದಶಕದಲ್ಲಿ. ಆದರೆ ಆ ಐದು ಪ್ರಶ್ನೆ ನಿಮ್ಮ ಕೊಟ್ಟಿಗೆಗೂ ಸಲ್ಲುತ್ತವೆ. ಅವು ಹುಟ್ಟಿದ್ದೇ ಕೊಟ್ಟಿಗೆಗಾಗಿ. ಎಮ್ಮೆಗೆ ಬೆವರು ಕಡಿಮೆ, ಬೇಸಿಗೆಯಲ್ಲಿ ನೀರಿಗೆ ಇಳಿಯೋದು ಅದರ ಸ್ವಭಾವ. ಏಪ್ರಿಲ್ ಬಿಸಿಲಲ್ಲಿ ದಿನಪೂರ್ತಿ ಗೂಟದಲ್ಲೇ ಇದ್ದರೆ ಹಾಲೂ ಇಳಿಯುತ್ತದೆ. ಕೆರೆ ಕಾಲುವೆಗೆ ಬಿಡಿ. ಆಗದಿದ್ದರೆ ನೆರಳಲ್ಲಿ ಕಟ್ಟಿ, ಮೈಮೇಲೆ ನಾಲ್ಕು ಕೊಡ ನೀರು ಹಾಕಿ.

ವಿಜ್ಞಾನ ಮಾಸ್ತರ್, ಬೆಳಗಾವಿ: ಸರ್, ಎರಡು ಅನುಮಾನ. ಆ ಲೋಲಿತಾ 50 ವರ್ಷ ದಾಟಿ ಬದುಕಿತಲ್ಲ, ಅಂದ ಮೇಲೆ ಚೆನ್ನಾಗೇ ನೋಡಿಕೊಂಡ ಹಾಗಲ್ವಾ? ಮತ್ತೆ ಕೊಳದಲ್ಲಿ ಅದರ ಕೂಗೇ ಪ್ರತಿಧ್ವನಿಸಿ ತಲೆ ಕೆಡುತ್ತದೆ ಅಂತ ಓದಿದ್ದೇನೆ. ಗೋಲಗುಮ್ಮಟಕ್ಕೆ ಪ್ರವಾಸ ಹೋದಾಗ ಮಕ್ಕಳಿಗೆ ಹೇಳಬಹುದಾ?

ಪಶುವೈದ್ಯ: ಎರಡನೆಯದಕ್ಕೆ ಮೊದಲು. ಹಾಗೆ ಹೇಳಬೇಡಿ ಮಾಸ್ತರೆ. ಕೇಳಲು ರೋಚಕ, ಆದರೆ ಗಟ್ಟಿ ಆಧಾರ ಇಲ್ಲದ ಮಾತು. ಗುಮ್ಮಟದಲ್ಲಿ ಚಪ್ಪಾಳೆ ತಟ್ಟಿಸಿ, ಮರಳಿ ಬರುವ ಸದ್ದಿನಿಂದಲೇ ಓರ್ಕಾ ಕತ್ತಲ ನೀರಿನಲ್ಲಿ ಮೀನು ಹುಡುಕುತ್ತದೆ ಅಂತ ಹೇಳಿ. ಅಷ್ಟು ನಿಜ, ಅಷ್ಟು ಸಾಕು.

ಲೋಲಿತಾ ವಿಷಯ. ಅದನ್ನು ಹಿಡಿದದ್ದು 1970ರಲ್ಲಿ, ಸತ್ತದ್ದು 2023ರ ಆಗಸ್ಟ್‌ನಲ್ಲಿ. ನೋಡಿಕೊಂಡವರಲ್ಲಿ ಪ್ರೀತಿ ಇಟ್ಟವರೂ ಇದ್ದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಜೊತೆಗಿದ್ದ ಹ್ಯೂಗೊ ಅನ್ನುವ ಓರ್ಕಾ 1980ರಲ್ಲಿ ಸತ್ತ ಮೇಲೆ ಅದು ಇನ್ನೊಂದು ಓರ್ಕಾವನ್ನು ನೋಡಲೇ ಇಲ್ಲ. ಪಕ್ಕದಲ್ಲಿ ಇದ್ದದ್ದು ಬೇರೆ ಜಾತಿಯ ಡಾಲ್ಫಿನ್‌ಗಳು. ಆಯುಸ್ಸು ನೋಡಿ ನೆಮ್ಮದಿ ಅಳೆಯಲು ಆಗುವುದಿಲ್ಲ.

ಶಿಕ್ಷಕಿ: ತುಂಬಾ ಥ್ಯಾಂಕ್ಸ್ ಸರ್. "ಹಾಗಾದ್ರೆ ಎಲ್ಲವನ್ನೂ ಸಮುದ್ರಕ್ಕೆ ಬಿಡಿ" ಅಂತ ಮಕ್ಕಳು ಪೋಸ್ಟರ್ ಬರೆಯುತ್ತಾರೆ, ನನಗೆ ಗೊತ್ತು. ಚಿತ್ರದಲ್ಲಿ ಬೆನ್ನಿನ ರೆಕ್ಕೆ ಬಾಗಿಸಿ ಕಣ್ಣೀರು ಹಾಕುತ್ತಾರೆ. ಬಿಡಬಹುದಾ?

ಪಶುವೈದ್ಯ: ಬರೆಯಲಿ, ಆಮೇಲೆ ಕೈಕೊ ಕಥೆ ಹೇಳಿ. 1979ರಲ್ಲಿ ಐಸ್‌ಲ್ಯಾಂಡ್ ಬಳಿ ಮರಿಯಾಗಿದ್ದಾಗ ಹಿಡಿದ ಓರ್ಕಾ ಅದು. ವರ್ಷಗಟ್ಟಲೆ ತಯಾರಿ ಮಾಡಿಸಿ 2002ರಲ್ಲಿ ಸಮುದ್ರಕ್ಕೆ ಬಿಟ್ಟರು. ನಾರ್ವೆವರೆಗೆ ಈಜಿತು. ಅಲ್ಲಿ ಮತ್ತೆ ಜನರನ್ನೇ ಹುಡುಕಿಕೊಂಡು ಬಂತು. 2003ರ ಡಿಸೆಂಬರ್‌ನಲ್ಲಿ ಸತ್ತಿತು. ಸ್ವತಂತ್ರವಾಗಿ ಈಜಿತು, ಆದರೆ ಕಾಡು ಓರ್ಕಾಗಳ ಗುಂಪಿಗೆ ಸೇರಲಿಲ್ಲ. ಸೋತಿತೋ ಗೆದ್ದಿತೋ ಅಂತ ತರಗತಿಯಲ್ಲಿ ವಾದ ಆಗಲಿ, ನೀವು ನಡುವೆ ಬಾಯಿ ಹಾಕಬೇಡಿ. ಹೀಗಾಗಿ ಈಗ ಹಲವರು ಬಿಡುವುದಕ್ಕಿಂತ ಹೊಸದಾಗಿ ಹುಟ್ಟಿಸದಿರುವುದರ ಕಡೆ ಹೋಗುತ್ತಿದ್ದಾರೆ. ಅಮೆರಿಕದಲ್ಲಿ ಓರ್ಕಾ ಸಾಕಿರುವ ಸೀವರ್ಲ್ಡ್ ಕಂಪನಿ 2016ರಲ್ಲಿ ಓರ್ಕಾ ಮರಿ ಮಾಡಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಕೆನಡಾ 2019ರಲ್ಲಿ ಕಾನೂನನ್ನೇ ಮಾಡಿತು. ನಮ್ಮಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ 2013ರಲ್ಲೇ ಡಾಲ್ಫಿನ್ ಶೋಗೆ ಅವಕಾಶ ಇಲ್ಲ ಅಂದಿದೆ. ಇದನ್ನು ಮಕ್ಕಳಿಗೆ ಖಂಡಿತ ಹೇಳಿ, ಖುಷಿಪಡುತ್ತಾರೆ.

ಬಾಗಿದ ರೆಕ್ಕೆ ಇರಲಿ, ಕಣ್ಣೀರು ಬೇಡ. ಆ ರೆಕ್ಕೆಯಲ್ಲಿ ಮೂಳೆ ಇಲ್ಲ. ಕೊಳದ ದೊಡ್ಡ ಗಂಡು ಓರ್ಕಾಗಳಲ್ಲಿ ಅದು ಬಾಗಿಯೇ ಇರುತ್ತದೆ, ಸಮುದ್ರದಲ್ಲಿ ಅಪರೂಪ. ಕೊಳದಲ್ಲಿ ಆಳ ಇಲ್ಲದೆ ಹೆಚ್ಚು ಹೊತ್ತು ನೀರಿನ ಮೇಲ್ಮೈಯಲ್ಲೇ ಇರುವುದು ಒಂದು ಕಾರಣ ಅಂತಾರೆ. ಅದು ಬದುಕಿದ ರೀತಿಯ ಗುರುತು, ಅಳುವಿನ ಗುರುತಲ್ಲ.

ಮುಂದೆ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿ ಝೂಗೆ ಕರೆದುಕೊಂಡು ಹೋದರೆ ಎಲ್ಲ ಬೋನಿನ ಮುಂದೆ ಓಡಿಸಬೇಡಿ. ಒಂದು ಗುಂಪಿಗೆ ಒಂದೇ ಪ್ರಾಣಿ. ಹತ್ತು ನಿಮಿಷ ಸುಮ್ನೆ ನೋಡಿ, ಅದು ಮಾಡಿದ್ದನ್ನೆಲ್ಲ ಬರೆದುಕೊಳ್ಳಲಿ. ಒಂದೇ ದಾರಿಯಲ್ಲಿ ಹಿಂದೆ ಮುಂದೆ ತಿರುಗುತ್ತಿದೆಯಾ, ಮಲಗಿದೆಯಾ, ಮೂಸುತ್ತಿದೆಯಾ, ಜೊತೆಗಾರರ ಹತ್ತಿರ ಹೋಗುತ್ತಿದೆಯಾ. ಝೂ ಅಂದರೆ ಕೆಟ್ಟದ್ದು ಅಂತ ಮೊದಲೇ ಹೇಳಿಕೊಡಬೇಡಿ. ಬರೆದ ಹಾಳೆ ನನಗೂ ಕಳಿಸಿ, ಓದಿ ಉತ್ತರ ಬರೆಯುತ್ತೇನೆ.

ಶಿಕ್ಷಕಿ: ಶನಿವಾರ ಬೆಳಗಿನ ಶಾಲೆ, ಅವತ್ತೇ ಮೈದಾನದಲ್ಲಿ ಎಳೆಸುತ್ತೇನೆ. 80 ಅಡಿ ಅಳೆಯುವ ಟೇಪ್ ಇಲ್ಲ.

ಪಶುವೈದ್ಯ: ಹಗ್ಗಕ್ಕೆ ಹತ್ತು ಅಡಿಗೊಂದು ಬಣ್ಣದ ದಾರ ಕಟ್ಟಿ. ಅಳೆಯುವ ಕೆಲಸ ಆ ಹುಡುಗನಿಗೇ ಕೊಡಿ.